ಗಾಳಿ ಕೊಟ್ಟೆ, ಪೆಟ್ರೋಲ್ ಮರೆತೆ

ಶನಿವಾರ ಮಧ್ಯಾಹ್ನ ಹನುಮಂತನಗರದ ನಮ್ಮ ಮನೆ ಮುಂದೆ ಹಳೇ ಚಾಪೆ ಹಾಸಿಕೊಂಡು ಡರ್ಟ್ ಬೈಕಿನ ಸೀಟು ಬಿಚ್ಚಿದೆ. ಕೆಳಗೆ ಇಂಜಿನ್ನಿಗೆ ಗಾಳಿ ಒದಗಿಸುವ ಡಬ್ಬಿ, ಕಪ್ಪು ಪ್ಲಾಸ್ಟಿಕ್ಕಿನ ಏರ್‌ಬಾಕ್ಸ್. ಅದರ ಮೇಲೆ ರಬ್ಬರಿನ ಸ್ನಾರ್ಕೆಲ್ ಕೊಳವೆ, ಮರಿಯಾನೆಯ ಸೊಂಡಿಲಿನ ಹಾಗೆ. 150 ಸಿಸಿ ಇಂಜಿನ್ ಉಸಿರಾಡುವುದೆಲ್ಲ ಆ ಸೊಂಡಿಲಿನಿಂದಲೇ. ಅದರೊಳಗೆ ಎರಡು ಬೆರಳು ತೂರಿಸುವುದೇ ಕಷ್ಟ.

ಅದನ್ನು ಅಗಲ ಮಾಡಬೇಕು ಅನ್ನುವ ಆಸೆ ತುಂಬಾ ದಿನದ್ದು. ಸುಜುಕಿ ಡಿಆರ್‌-ಝಡ್‌400 ಎಂಬ ಸುಮಾರು 400 ಸಿಸಿ ಬೈಕ್ ಓಡಿಸುವವರು ಏರ್‌ಬಾಕ್ಸಿನ ಮೇಲ್ಭಾಗದಲ್ಲಿ 3 ಇಂಚಿನ ಚೌಕ ಕತ್ತರಿಸುತ್ತಾರೆ. ನನ್ನದು ಅದರ ಅರ್ಧವೂ ಇಲ್ಲದ ಇಂಜಿನ್. ಸ್ನಾರ್ಕೆಲ್ ಕಿತ್ತು, ಆ ಜಾಗದಲ್ಲಿ 2 ಇಂಚಿನ ಚೌಕ ಗುರುತು ಮಾಡಿಕೊಂಡೆ.

‘ಬಾಕ್ಸೇ ಕಿತ್ತು ಪಾಡ್ ಫಿಲ್ಟರ್ ಹಾಕು’ ಅಂತ ಸ್ನೇಹಿತ ಹೇಳಿದ್ದ, ಅಂದರೆ ಡಬ್ಬಿಯಿಲ್ಲದೆ ಬಯಲಿಗೆ ಕೂರುವ ಫಿಲ್ಟರ್. ನಾನು ಒಪ್ಪಲಿಲ್ಲ. ಏರ್‌ಬಾಕ್ಸ್ ಅಂದರೆ ಸುಮ್ನೆ ಡಬ್ಬಿ ಅಲ್ಲ. ಇಂಜಿನ್ ಎಳೆದುಕೊಳ್ಳುವುದಕ್ಕೆ ನೆಮ್ಮದಿಯಾಗಿ ನಿಂತ ಗಾಳಿ ಅಲ್ಲಿರುತ್ತದೆ. ಅದನ್ನೇ ಕಿತ್ತರೆ ಇಂಜಿನ್ ನಿಧಾನ ತಿರುಗುವಾಗ, ಅಂದರೆ ಕಡಿಮೆ ಆರ್‌ಪಿಎಂನಲ್ಲಿ ಎಳೆತ ಬಿದ್ದುಹೋಗಬಹುದು. ಕಲ್ಲು ದಿಬ್ಬ ಹತ್ತುವ ಬೈಕಿಗೆ ಬೇಕಾಗಿರುವುದೇ ಆ ಎಳೆತ. ಜೊತೆಗೆ ನಮ್ಮ ಕಡೆಯ ಕೆಂಪು ಧೂಳು, ನೀರು ನೇರವಾಗಿ ಫಿಲ್ಟರಿಗೆ ಬಡಿಯುತ್ತವೆ.

ಕತ್ತರಿಸುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಮೊದಲೇ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕಡೆಯ ಬಾಯಿಗೆ ಬಟ್ಟೆ ತುರುಕಿದ್ದೆ. ಒಂದು ಪ್ಲಾಸ್ಟಿಕ್ ಚೂರು ಒಳಗೆ ಹೋದರೂ ಕಷ್ಟ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಾಕ್ಸ್ ತೊಳೆದು ಒಣಗಿಸಿದೆ. ಫೋಮ್ ಫಿಲ್ಟರನ್ನು ಸೋಪು ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಾಕಿ ಹಿಂಡಿದೆ. ಆಯಿಲ್ ಇಲ್ಲದ ಫೋಮ್ ಸಣ್ಣ ಧೂಳು ತಡೆಯುವುದಿಲ್ಲ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ.

ಭಾನುವಾರ ಬೆಳಿಗ್ಗೆ ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಹಾರೋಹಳ್ಳಿ ಕಡೆ ಸ್ನೇಹಿತನ ಖಾಲಿ ಜಮೀನಿಗೆ ಹೋದೆವು. ಸ್ಟಾರ್ಟ್ ಮಾಡಿದಾಗಲೇ ಸದ್ದು ಬೇರೆ. ಸೀಟಿನ ಕೆಳಗಿನಿಂದ ಗಾಳಿ ಎಳೆಯುವ ಗೊರಗೊರ ಸದ್ದು ಕೇಳಿ ಎಷ್ಟು ಖುಷಿಯಾಯಿತು ಅಂದರೆ, ಎರಡು ಸುತ್ತು ನಗುತ್ತಲೇ ಓಡಿಸಿದೆ.

ಮೂರನೇ ಸುತ್ತಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟೆ. ಬೈಕ್ ಮುಗ್ಗರಿಸಿತು. ಥ್ರಾಟಲ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ. ಇಂಜಿನ್ ಬಿಸಿಯೂ ಜಾಸ್ತಿ. ನಿಲ್ಲಿಸಿ, ಸ್ವಲ್ಪ ಆರಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಚಾಮರಾಜಪೇಟೆಯ ನಮ್ಮ ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ.

‘ಪೆಟ್ರೋಲ್ ಬಿಡೋ ಜೆಟ್ ಬದಲಾಯಿಸಿದ್ರಾ?’

‘ಇಲ್ಲ ಅಣ್ಣ, ತೂತು ಮಾತ್ರ ಮಾಡಿದ್ದೀನಿ.’

‘ಒಲೆ ಊದಿದ್ರೆ ಸಾಕಾ ಸಾರ್, ಸೌದೆ ಬೇಡ್ವಾ? ಪೆಟ್ರೋಲ್ ಸಾಲ್ದೆ ಲೀನ್ ಹೊಡೀತಿದೆ. ತೂತಿಗೆ ಅರ್ಧ ಟೇಪ್ ಹಾಕಿ ನೋಡಿ.’

ಟೆಂಪೋದಲ್ಲಿದ್ದ ಡಕ್ಟ್ ಟೇಪ್ ತಂದು ಅರ್ಧ ಮುಚ್ಚಿದೆ. ಮುಗ್ಗರಿಸುವುದು ಮುಕ್ಕಾಲು ಪಾಲು ನಿಂತಿತು. ಕಾಯಿಲೆ ಗೊತ್ತಾಯಿತು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಶಕ್ತಿ ಬೇಕಾದರೆ ಪೆಟ್ರೋಲ್ ಇನ್ನೂ ಜಾಸ್ತಿ, ಅಂದರೆ 1 ಗ್ರಾಂಗೆ 12–13 ಗ್ರಾಂ ಗಾಳಿ. ನಾನು ಗಾಳಿ ಮಾತ್ರ ಹೆಚ್ಚಿಸಿ ಲೆಕ್ಕ ಕೆಡಿಸಿದ್ದೆ. ಹಾಗೇ ಓಡಿಸಿದ್ದರೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿತ್ತು. ಆ ದಿನ ಮತ್ತೆ ಓಡಿಸಲಿಲ್ಲ.

ಸೋಮವಾರ ಜೆ.ಸಿ. ರಸ್ತೆಯಲ್ಲಿ ಹುಡುಕಿ 105, 108, 110 ಮೇನ್ ಜೆಟ್ ತಂದೆ. ಮೊದಲಿದ್ದದ್ದು 100. ನಂಬರ್ ಹೆಚ್ಚಾದಷ್ಟೂ ಆ ಹಿತ್ತಾಳೆ ಚೂರಿನ ತೂತು ದೊಡ್ಡದು. ನಾನು 110ರಿಂದಲೇ ಶುರು ಮಾಡೋಣ ಅಂದೆ. ಅಣ್ಣ ಹೌದು ಅಂದರು. ಪೆಟ್ರೋಲ್ ಜಾಸ್ತಿಯಾದರೆ ಹೊಗೆ, ಮಸಿ. ಕಡಿಮೆಯಾದರೆ ಇಂಜಿನ್ನೇ ಹೋಗುತ್ತದೆ. ಹಾಗಾಗಿ ದೊಡ್ಡದರಿಂದ ಕೆಳಗೆ ಬರಬೇಕು.

ಮುಂದಿನ ಭಾನುವಾರ 110 ಹಾಕಿದಾಗ ಬೈಕ್ ಮೇಲಿನ ಆರ್‌ಪಿಎಂನಲ್ಲಿ ಮಂಕಾಯಿತು, ಪ್ಲಗ್ ಕಪ್ಪಗಾಯಿತು. 108 ಹಾಕಿದೆ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು, ಇಂಜಿನ್ ಆಫ್ ಮಾಡಿ ಪ್ಲಗ್ ನೋಡಿದರೆ ಹಾಲು ಬೆರೆತ ಕಾಫಿ ಬಣ್ಣ, ಅಂದರೆ ಮಿಶ್ರಣ ಸರಿಯಾಗಿದೆ. ಥ್ರಾಟಲ್ ಬಿಟ್ಟಾಗಿನ ಪಟಪಟ ಉಳಿದಿತ್ತು. ಕಡಿಮೆ ಥ್ರಾಟಲ್ಲಿನ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿದ ಮೇಲೆ ಅದೂ ನಿಂತಿತು. ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿದ್ದ ದಿಬ್ಬವನ್ನು ಮೂರನೇ ಗೇರಿನಲ್ಲಿ ಹತ್ತಿತು. ಕೆಳಗಿನ ಎಳೆತವೂ ಹಾಗೇ ಇದೆ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿಗಿಂತ ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ 10ರಷ್ಟು ಕಡಿಮೆ. ಇಲ್ಲಿ ಸರಿಹೋದ 108, ಮಂಗಳೂರಿನ ದಪ್ಪ ಗಾಳಿಗೆ ಸಾಲದೇ ಹೋಗಬಹುದು. ಡಿಸೆಂಬರ್‌ನಲ್ಲಿ ಆ ಕಡೆ ಹೋಗುವುದಿದೆ. ಹಾಗಾಗಿ 110 ಜೆಟ್ಟನ್ನು ಟೂಲ್ ಬ್ಯಾಗಿನಲ್ಲೇ ಇಟ್ಟಿದ್ದೇನೆ, ಪಕ್ಕದಲ್ಲಿ ಟೇಪ್ ಸುರುಳಿ.