ಹಿಂದಿನ ಮೂರು ಬೆಂಚುಗಳ ಗಣರಾಜ್ಯ

ಕಳೆದ ತಿಂಗಳು ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ತೀರಿಕೊಂಡರು. ಮೂರು ವರ್ಷ ಅವರು ಕಲಿಸಿದ್ದರಲ್ಲಿ ನನಗೆ ಪೂರ್ತಿ ನೆನಪಿರುವುದು ಒಂದೇ ಪಾಠ. ಅದೂ ನಮ್ಮ ತುಂಟತನದಿಂದ ಹುಟ್ಟಿದ್ದು.

2006ರ ಒಂದು ಬೆಳಿಗ್ಗೆ ಹಿಂದಿನ ಮೂರು ಬೆಂಚಿನವರಾದ ನಾವು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ತರಗತಿಯಿಂದ ಬೇರೆಯಾಗಿದ್ದೇವೆ ಎಂದು ಕರಿಹಲಗೆಯ ಮೇಲೆ ಘೋಷಿಸಿದೆವು. ಹಾಜರಿ ಕೂಗಬಾರದು ಎಂಬುದೇ ಮುಖ್ಯ ಬೇಡಿಕೆ. ವಿದೇಶಾಂಗ ಮಂತ್ರಿ ನಾನು. ಘೋಷಣೆಯ ಭಾಷೆಯೂ ನನ್ನದೇ, ಚೆನ್ನಾಗಿಯೇ ಇತ್ತು.

ಮೇಷ್ಟ್ರು ಬೈಯಲಿಲ್ಲ. ಗೆರೆಯ ತನಕ ಬಂದು, ದಾಟದೆ ನಿಂತು, "ಮಧ್ಯಸ್ಥರು ಯಾರು?" ಎಂದರು. ಪ್ರಾಂಶುಪಾಲರು ಎಂದೆವು. "ನಿಮಗೆ ಬೆಂಚು ಬಿಟ್ಟುಕೊಟ್ಟರೆ ನಾಳೆ ಪಕ್ಕದ ಕೋಣೆಯವರೂ ಗೆರೆ ಎಳೆಯುತ್ತಾರೆ. ಪ್ರಾಂಶುಪಾಲರಿಗೆ ಆ ಚಿಂತೆ ಇರುವುದಿಲ್ಲವೇ?" ಎನ್ನುತ್ತಾ ಬಿಯಾಫ್ರಾದ ಕಥೆ ತೆಗೆದರು. 1967ರಲ್ಲಿ ನೈಜೀರಿಯಾದ ಪೂರ್ವ ಭಾಗವಾದ ಅದು ಬೇರೆ ದೇಶವಾಗಿ ಸಿಡಿದಾಗ ಆಫ್ರಿಕಾ ಏಕತಾ ಸಂಘಟನೆ ಆರು ರಾಷ್ಟ್ರಗಳ ಮುಖ್ಯಸ್ಥರ ಸಮಿತಿ ಮಾಡಿತು. ಆದರೆ ನೈಜೀರಿಯಾದ ಅಖಂಡತೆಯನ್ನು ಮೊದಲೇ ಎತ್ತಿಹಿಡಿದು ಹೊರಟಿತು. ಸದಸ್ಯರೆಲ್ಲ ಸರ್ಕಾರಗಳೇ, ತಮ್ಮ ಮನೆಯೊಳಗೂ ಗೆರೆ ಬಿದ್ದೀತೆಂಬ ಭಯ. ಬಿಯಾಫ್ರಾ ಅವರನ್ನು ನಂಬಲಿಲ್ಲ. ಯುದ್ಧ 1970ರವರೆಗೆ ನಡೆಯಿತು.

ಇಂಡೊನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಬೇರೆಯದೇ ಆಯಿತು. ಸುನಾಮಿ ಬಡಿದ ಮರುವರ್ಷ, 2005ರಲ್ಲಿ, ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ತಮ್ಮ ಸರ್ಕಾರೇತರ ಸಂಸ್ಥೆಯ ಮೂಲಕ ಸರ್ಕಾರ ಮತ್ತು ಪ್ರತ್ಯೇಕ ದೇಶ ಕೇಳುತ್ತಿದ್ದ ಬಂಡುಕೋರರು, ಎರಡೂ ಕಡೆಯವರನ್ನು ಹೆಲ್ಸಿಂಕಿಯಲ್ಲಿ ಕೂರಿಸಿದರು. ಬಂಡುಕೋರರು ಸ್ವಾತಂತ್ರ್ಯದ ಮಾತು ಬಿಟ್ಟು ಸ್ವಯಮಾಡಳಿತಕ್ಕೆ ಒಪ್ಪಿದರು. ದೊಡ್ಡ ಸಂಘಟನೆಗಳ ಪಾಲಿಗೆ ಬಂದದ್ದು ಉಸ್ತುವಾರಿ: ಐರೋಪ್ಯ ಒಕ್ಕೂಟ ಮತ್ತು ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳ ವೀಕ್ಷಕರು 840 ಆಯುಧಗಳನ್ನು ಎಣಿಸಿ ಪಡೆದುಕೊಂಡರು.

ನಾವೂ ಗಣರಾಜ್ಯ ಬಿಟ್ಟೆವು. ಕಿಟಕಿ ತೆರೆದು ಮುಚ್ಚುವ ಅಧಿಕಾರ ಪಡೆದೆವು. ಹಾಜರಿ ಮಾತ್ರ ಉಳಿಯಿತು. ಬಳಿಕ ಮೇಷ್ಟ್ರು ಅಂಗೈ ಚಾಚಿ "ಆಯುಧ" ಎಂದರು. ಜೇಬುಗಳಿಂದ 14 ಸೀಮೆಸುಣ್ಣದ ತುಂಡುಗಳು ಹೊರಬಂದವು. ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕಿ, "ಇನ್ನೊಂದಿದೆ" ಎಂದು ನನ್ನನ್ನೇ ನೋಡಿದರು. ಇತ್ತು.

ಈಗಿನ ಮಕ್ಕಳ ಟಿಪ್ಪಣಿಯಲ್ಲಿ 'ಮಧ್ಯಸ್ಥಿಕೆಯ ಲಕ್ಷಣಗಳು' ಐದು ಅಂಕಕ್ಕೆ ಐದು ಸಾಲು. ಡಬ್ಬಿ ಹಿಡಿದು ಎಣಿಸುವವರು ಅದರಲ್ಲಿಲ್ಲ. ನಾನಂತೂ ಇಂದು ಕಾರ್ಮಿಕರಿಗೂ ಆಡಳಿತದವರಿಗೂ ನಡುವೆ ಕೂರುವವನು. ಹಲವು ಮುಷ್ಕರಗಳು ನನ್ನ ಮೇಜಿನ ಮುಂದೆ ಮುಗಿದಿವೆ ಎಂದರೆ ಜಂಬವಾದೀತು, ಆದರೂ ಹೇಳಿಬಿಡುತ್ತೇನೆ.

ಸಂತಾಪ ಸಭೆಯ ದಿನ ಮೇಷ್ಟ್ರ ಮಗಳು ಮಡಚಿದ ಹಾಳೆಯೊಂದನ್ನು ಕೈಗಿತ್ತರು. ನಮ್ಮ ಒಪ್ಪಂದ. ಕೆಳಗೆ 'ಸಾಕ್ಷಿ' ಎಂಬಲ್ಲಿ ಮೇಷ್ಟ್ರ ರುಜು. ಅದರ ಮೇಲೆ ನನ್ನದು, 'ವಿಧೇಶಾಂಗ ಮಂತ್ರಿ' ಎಂದು. ಆ ಮಹಾಪ್ರಾಣದ ಸುತ್ತ ಕೆಂಪು ಶಾಯಿಯ ಸೊನ್ನೆ.