ಕೈಯಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ

ಒಂದು ಉಬುಂಟು ಸರ್ವರ್‌ನಲ್ಲಿ ರಾತ್ರಿಯ ಡೇಟಾಬೇಸ್ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಅದೇ ಸ್ಕ್ರಿಪ್ಟನ್ನು ಟರ್ಮಿನಲ್‌ನಲ್ಲಿ ಓಡಿಸಿದರೆ ಸಲೀಸಾಗಿ ಮುಗಿಯುತ್ತಿತ್ತು. ಇಂಥ ಹೊತ್ತಲ್ಲಿ ಸ್ಕ್ರಿಪ್ಟ್ ತಿದ್ದಲು ಕೂರಬಾರದು. ಕ್ರಾನ್, ಅಂದರೆ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗೇ ಓಡಿಸುವ ಸರ್ವೀಸ್, ಅದನ್ನು ಶುರುವಾದರೂ ಮಾಡಿತ್ತೇ ಎಂಬುದು ಮೊದಲು ಗೊತ್ತಾಗಬೇಕು.

ಫೈಲ್ ಇದ್ದದ್ದು ದಿನಕ್ಕೊಮ್ಮೆ ಓಡುವ ಸ್ಕ್ರಿಪ್ಟ್‌ಗಳ ಕ್ರಾನ್.ಡೈಲಿ ಫೋಲ್ಡರ್‌ನಲ್ಲಿ, ಹೆಸರು ಬ್ಯಾಕಪ್.ಎಸ್‌ಎಚ್. ಡೆಬಿಯನ್, ಉಬುಂಟುಗಳಲ್ಲಿ ಆ ಫೋಲ್ಡರನ್ನು ಓಡಿಸುವುದು ರನ್-ಪಾರ್ಟ್ಸ್ ಎಂಬ ಕಮಾಂಡ್. ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಬಿಟ್ಟು ಹೆಸರಿನಲ್ಲಿ ಇನ್ನೇನಿದ್ದರೂ ಅದು ಆ ಫೈಲನ್ನು ಮುಟ್ಟುವುದಿಲ್ಲ. ಒಂದು ಚುಕ್ಕಿ ಸಾಕು. ಎರರ್ ಕೂಡ ಬರದು. ರನ್-ಪಾರ್ಟ್ಸ್ --ಟೆಸ್ಟ್ ಎಂದು ಬರೆದು ಫೋಲ್ಡರ್ ಹೆಸರು ಕೊಟ್ಟಾಗ ಬಂದ ಪಟ್ಟಿಯಲ್ಲಿ ನಮ್ಮ ಫೈಲ್ ಇರಲಿಲ್ಲ.

ಯಾರೋ ಬೇಸತ್ತು ರೂಟ್‌ನ (ಅಡ್ಮಿನ್ ಖಾತೆಯ) ಕ್ರಾನ್‌ಟ್ಯಾಬ್‌ಗೂ, ಅಂದರೆ ಕ್ರಾನ್‌ನ ವೇಳಾಪಟ್ಟಿ ಫೈಲಿಗೂ, ಒಂದು ಸಾಲು ಸೇರಿಸಿದ್ದರು: 0 2 * * * (ದಿನಾ 2 ಗಂಟೆಗೆ), ಮುಂದೆ ಡೇಟಾಬೇಸ್ ನಕಲು ತೆಗೆಯುವ ಪಿಜಿ_ಡಂಪ್, ಫೈಲ್ ಹೆಸರಿಗೆ ಡೇಟ್ +%ವೈ%ಎಂ%ಡಿ. ಇದು ಮಾತ್ರ ಶುರುವಾಗುತ್ತಿತ್ತು. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ -ಯು ಕ್ರಾನ್ ಕೊಟ್ಟು ನೋಡಿದರೆ ಲಾಗ್‌ನಲ್ಲಿ ಕಮಾಂಡ್ ‘ಡೇಟ್ +’ಗೇ ತುಂಡಾಗಿ ನಿಂತಿದೆ! ಕ್ರಾನ್‌ಟ್ಯಾಬ್‌ನಲ್ಲಿ % ಎಂದರೆ ಹೊಸ ಸಾಲು. ಮೊದಲ % ಆದಮೇಲಿನದೆಲ್ಲ ಕಮಾಂಡಿಗೆ ಇನ್‌ಪುಟ್ ಆಗಿ ಹೋಗುತ್ತದೆ. ಪ್ರತಿ % ಹಿಂದೆ \ ಹಾಕಬಹುದು. ಆದರೆ ಡೇಟ್ ಲೆಕ್ಕವನ್ನು ಸ್ಕ್ರಿಪ್ಟ್ ಒಳಗಿಟ್ಟು ಕ್ರಾನ್‌ಟ್ಯಾಬ್‌ನಲ್ಲಿ ಅದರ ಪೂರ್ತಿ ದಾರಿಯನ್ನಷ್ಟೇ ಬರೆಯುವುದು ವಾಸಿ.

ಅಷ್ಟು ದಿನ ಎರರ್ ಎಲ್ಲಿ ಹೋಗುತ್ತಿತ್ತು? ಕ್ರಾನ್ ಔಟ್‌ಪುಟ್ಟನ್ನು ಮೇಲ್ ಮಾಡುತ್ತದೆ. ಸರ್ವರ್‌ನಲ್ಲಿ ಮೇಲ್ ಕಳಿಸುವ ಸಾಫ್ಟ್‌ವೇರೇ ಇಲ್ಲದಿದ್ದರೆ ಬಿಸಾಡುತ್ತದೆ; ಬಿಸಾಡಿದೆ ಎಂದು ಲಾಗ್‌ನಲ್ಲಿ ಒಂದು ಸಾಲು ಬರೆದಿರುತ್ತದೆ, ಓದುವವರು ಕಮ್ಮಿ. ಔಟ್‌ಪುಟ್, ಎರರ್ ಎರಡೂ ಫೈಲಿಗೆ ಬೀಳಲೆಂದು ಸಾಲಿನ ಕೊನೆಗೆ >> ಹಾಕಿ ಲಾಗ್ ಫೈಲಿನ ಹೆಸರು, ಆಮೇಲೆ 2>&1 ಸೇರಿಸಿದ ಮೇಲೆ ಮುಂದಿನ ತೊಂದರೆ ತಾನಾಗೇ ಸಿಕ್ಕಿತು: ಬ್ಯಾಕಪ್ಪನ್ನು ಹೊರಗೆ ಕಳಿಸುವ ಟೂಲ್ ‘ನಾಟ್ ಫೌಂಡ್’. ಅದಿದ್ದದ್ದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ. ಕ್ರಾನ್‌ಟ್ಯಾಬ್‌ನ ಪಾತ್‌ನಲ್ಲಿ, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಇರುವುದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ, ಟರ್ಮಿನಲ್ ಓದಿಕೊಳ್ಳುವ ಬ್ಯಾಶ್‌ಆರ್‌ಸಿ ಸೆಟ್ಟಿಂಗ್ ಫೈಲನ್ನು ಕ್ರಾನ್ ಓದುವುದೂ ಇಲ್ಲ. ಕ್ರಾನ್‌ಟ್ಯಾಬ್‌ನ ತಲೆಗೇ ಪಾತ್ ಬರೆದರೆ ಮುಗಿಯಿತು.

ಉಳಿದದ್ದು ಗಂಟೆಯ ಲೆಕ್ಕ. ಸರ್ವರ್ ಯುಟಿಸಿಯಲ್ಲಿದ್ದರೆ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) 2 ಗಂಟೆ ಎಂದರೆ ನಮಗೆ ಬೆಳಗ್ಗೆ 7.30, ಆಫೀಸ್ ಲೋಡ್ ಏರುವ ಹೊತ್ತು. ನಮ್ಮ ರಾತ್ರಿ 2ಕ್ಕೆ 30 20 * * * ಎಂದು ಬರೆಯಬೇಕು. ವಾರಕ್ಕೊಮ್ಮೆ, ಸೋಮವಾರ ಬೇಕೆಂದರೆ ವಾರ ಹೇಳುವ ಕೊನೆಯ * ಜಾಗದಲ್ಲಿ 1 ಅಲ್ಲ, 0. ಯುಟಿಸಿಯಲ್ಲಿ ಆಗಿನ್ನೂ ಭಾನುವಾರ. ಟೈಮ್‌ಝೋನನ್ನೇ ಬದಲಿಸುವುದಾದರೆ ಕ್ರಾನ್ ಸರ್ವೀಸನ್ನೂ ರೀಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಅದು ಹಳೇ ಗಂಟೆಯನ್ನೇ ಹಿಡಿದುಕೊಂಡಿರುತ್ತದೆ.