‘ವರದಿ ಜಾರಿಯಾಗಲೇ ಇಲ್ಲವಲ್ಲ?’ ಎನ್ನುವವರಿಗೆ

ಉತ್ತರ ಕನ್ನಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ತರಗತಿಯಲ್ಲಿಯೂ ಮದುವೆಮನೆಯ ಪಂಕ್ತಿಯಲ್ಲಿಯೂ ತಪ್ಪದೆ ಎದುರಾಗುವ ಪ್ರಶ್ನೆ ಇದು: ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಪಶ್ಚಿಮಘಟ್ಟ ಸಂರಕ್ಷಣೆಯ ವರದಿ ಜಾರಿಯಾಗಲೇ ಇಲ್ಲವಲ್ಲ, ಹಾಗಾದರೆ ಅವರು ಅಷ್ಟು ವರ್ಷ ಮಾಡಿದ ಸಂಶೋಧನೆಯಿಂದ ಆದದ್ದೇನು? 2011ರ ಆಗಸ್ಟಿನಲ್ಲಿ ಸಲ್ಲಿಕೆಯಾದ ಆ ವರದಿ ಮೂಲೆ ಸೇರಿದ್ದೂ ಅದರ ಬೆನ್ನಿಗೆ ಅದನ್ನು ಮರುಪರಿಶೀಲಿಸಲೆಂದು ಕಸ್ತೂರಿರಂಗನ್ ಸಮಿತಿ ಬಂದದ್ದೂ ನಿಜ. ಆದರೆ ನಾನು ಉತ್ತರವನ್ನು ವರದಿಯಿಂದ ಆರಂಭಿಸುವುದಿಲ್ಲ, ಬಿದಿರಿನ ಮೆಳೆಯಿಂದ ಆರಂಭಿಸುತ್ತೇನೆ.

ಪುಣೆಯಲ್ಲಿ 1942ರಲ್ಲಿ ಹುಟ್ಟಿದ ಗಾಡ್ಗೀಳರು ಹಾರ್ವರ್ಡಿನಲ್ಲಿ ಓದಿದ್ದು ಗಣಿತದ ನೆರವಿನಿಂದ ಜೀವಜಗತ್ತನ್ನು ಅರಿಯುವ ವಿದ್ಯೆಯನ್ನು. ವಿಲಿಯಂ ಬೋಸರ್ಟ್ ಅವರೊಡನೆ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಎತ್ತಿದ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಕೆಲವು ಜೀವಿಗಳು ವರ್ಷವರ್ಷವೂ ಸಂತಾನ ಪಡೆಯುತ್ತಿರುವಾಗ ಇನ್ನು ಕೆಲವು ಒಂದೇ ಒಂದು ಸಲ ಇದ್ದಬದ್ದ ಶಕ್ತಿಯನ್ನೆಲ್ಲ ಅದಕ್ಕೇ ಸುರಿದು ಸಾಯುವುದೇಕೆ? ಜೀವಿಗಳ ಆಯುಷ್ಯ ಮತ್ತು ಸಂತಾನದ ಲೆಕ್ಕಾಚಾರವನ್ನು ಅಭ್ಯಾಸ ಮಾಡುವವರು ಇಂದಿಗೂ ಆ ಪ್ರಬಂಧವನ್ನು ಉಲ್ಲೇಖಿಸುತ್ತಾರೆ. ಹೂ ಬಿಟ್ಟ ಬಿದಿರು ಸಾಯುತ್ತದೆ ಎಂಬುದನ್ನು ಮಲೆನಾಡಿನ ಮಕ್ಕಳೂ ಬಲ್ಲರಾದ್ದರಿಂದ ಈ ಪ್ರಶ್ನೆ ನಮಗೇನೂ ಹೊಸತಲ್ಲ. ಅಮೆರಿಕದಲ್ಲೇ ನೆಲೆಸದೆ 1971ರಲ್ಲಿ ದೇಶಕ್ಕೆ ಮರಳಿ, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಗಾಡ್ಗೀಳರಿಗೆ ಎಪ್ಪತ್ತರ ದಶಕದಲ್ಲಿಯೇ ಕರ್ನಾಟಕದ ಬಿದಿರಿನ ಅಧ್ಯಯನ ಒದಗಿಬಂತು.

ಆಗ ದಾಂಡೇಲಿಯ ಕಾಗದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಸಿಕ್ಕಿತ್ತು. ಬುಟ್ಟಿ ಹೆಣೆಯುವ ಮೇದಾರರು ಅದನ್ನೇ ಪೇಟೆಯಲ್ಲಿ ಹಲವು ಪಟ್ಟು ಬೆಲೆ ತೆತ್ತು ಕೊಳ್ಳಬೇಕಿತ್ತು. ಬಿದಿರು ಕ್ಷೀಣಿಸುತ್ತಿದ್ದುದಕ್ಕೆ ಹಳ್ಳಿಗರ ದನ ಮತ್ತು ಬೆಂಕಿಯೇ ಕಾರಣವೆಂಬ ವಾದವಿತ್ತು. ಮೆಳೆ ಚೆನ್ನಾಗಿ ಬೆಳೆಯಲೆಂದು ಅರಣ್ಯ ಇಲಾಖೆ ಅದರ ಬುಡದ ಮುಳ್ಳನ್ನೆಲ್ಲ ಸವರಿಸುತ್ತಿತ್ತು. ಮುಳ್ಳು ತೆಗೆದರೆ ಕಳಲೆ (ಬಿದಿರಿನ ಎಳೆ ಮೊಳಕೆ) ಉಳಿಯುವುದಿಲ್ಲ ಎಂದು ಹಳ್ಳಿಯವರು ಗಾಡ್ಗೀಳರ ತಂಡಕ್ಕೆ ಹೇಳಿದರು. ತಂಡದ ನರೇಂದ್ರ ಪ್ರಸಾದ್ ಮತ್ತು ಗಾಡ್ಗೀಳರು ಅದನ್ನು ಕಾಡಿನಲ್ಲಿಯೇ ಪರೀಕ್ಷಿಸಿ, ಅಳತೆ ಮಾಡಿ ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು.

ನಮ್ಮ ತೋಟದ ಅಂಚಿನ ಮೆಳೆಯಲ್ಲಿ ಇದನ್ನು ಪ್ರತಿ ಮಳೆಗಾಲವೂ ನೋಡಬಹುದು. ಹೆಣೆದುಕೊಂಡ ಮುಳ್ಳಿನ ನಡುವೆ ಕಂದುಬಣ್ಣದ ಸಿಪ್ಪೆ ಹೊದ್ದ ಕಳಲೆ ತಲೆಯೆತ್ತಿರುತ್ತದೆ. ಕೈ ಹಾಕಿದರೆ ಮೊಣಕೈವರೆಗೆ ಗೀರು ಖಂಡಿತ. ಮೆಳೆಯ ಹೊರಗೆ ಬಯಲಿಗೆ ಬಿದ್ದ ಕಳಲೆಯನ್ನು ಮಾತ್ರ ದನ, ಮುಳ್ಳುಹಂದಿಗಳು ಗೇಣುದ್ದವಾಗುವ ಮೊದಲೇ ಮುಗಿಸಿರುತ್ತವೆ. (ಪಲ್ಯಕ್ಕೆಂದು ನಾವು ಕೀಳುವುದೂ ಅವನ್ನೇ.)

ಹಳ್ಳಿಯವರ ತಿಳಿವಳಿಕೆಯನ್ನು ಕಥೆಯೆಂದು ತಳ್ಳಿಹಾಕದೆ, ವೇದವಾಕ್ಯವೆಂದು ತಲೆಯ ಮೇಲೂ ಹೊರದೆ, ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆಯೆಂದು ನೋಡುವ ಈ ಕ್ರಮವೇ ಗಾಡ್ಗೀಳರ ನಿಜವಾದ ಪ್ರಭಾವವೆಂದು ನಾನು ತಿಳಿದಿದ್ದೇನೆ. ಸಸ್ಯಶಾಸ್ತ್ರಜ್ಞ ವಿ.ಡಿ. ವರ್ತಕ್ ಅವರೊಡನೆ 1976ರಲ್ಲಿ ಬರೆದ ದೇವರಕಾಡುಗಳ ಅಧ್ಯಯನದಲ್ಲಿ ಅದಿದೆ. ಫಿಕ್ರೆಟ್ ಬರ್ಕೆಸ್ ಮತ್ತು ಕಾರ್ಲ್ ಫೋಲ್ಕೆ ಅವರೊಡನೆ 1993ರಲ್ಲಿ ಜೀವವೈವಿಧ್ಯ ಸಂರಕ್ಷಣೆ ಹಾಗೂ ಸ್ಥಳೀಯ ಜ್ಞಾನದ ಕುರಿತು ಬರೆದ, ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಪ್ರಬಂಧದಲ್ಲಿಯೂ ಇದೆ. ಅವರು 1983ರಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದಿಂದ ಹೊರಬಂದವರಲ್ಲಿ ಅನೇಕರು ಅದನ್ನು ಬೇರೆ ಬೇರೆ ಕಾಡುಗಳಿಗೆ ಒಯ್ದರು.

ಎಲ್ಲವನ್ನೂ ಒಪ್ಪುತ್ತೇನೆ ಎಂದಲ್ಲ. ಅದೇ 1983ರಲ್ಲಿ ಮಾನವಶಾಸ್ತ್ರಜ್ಞ ಮಲ್ಹೋತ್ರಾ ಅವರೊಡನೆ ಬರೆದ ಪ್ರಬಂಧದಲ್ಲಿ ನಮ್ಮ ಸಮಾಜದ ಜಾತಿಗಳು ಕಾಡು, ನೀರು, ಬೇಟೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಪೈಪೋಟಿ ತಗ್ಗಿಸಿಕೊಂಡ ಬಗೆಯನ್ನು ವಿವರಿಸಿದ್ದಾರೆ. ಹಂಚಿಕೆಯಲ್ಲಿ ಯಾರ ಪಾಲಿಗೆ ಏನು ಬಂತು, ಅದನ್ನು ನಿರಾಕರಿಸುವ ಸ್ವಾತಂತ್ರ್ಯ ಯಾರಿಗಿತ್ತು ಎಂಬ ಪ್ರಶ್ನೆಯ ಮುಂದೆ ಆ ವಾದ ನನಗೆ ತೆಳುವಾಗಿ ಕಾಣುತ್ತದೆ.

ಇನ್ನು ವರದಿಯ ವಿಷಯ. ಇಡೀ ಘಟ್ಟವನ್ನು ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಪ್ರದೇಶವೆಂದು ಪರಿಗಣಿಸಿ ಮೂರು ವಲಯಗಳನ್ನು ಸೂಚಿಸಿದ್ದೇ ಸುದ್ದಿಯಾಯಿತೇ ಹೊರತು, ಕೊನೆಯ ಮಾತು ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ತೀರ್ಮಾನವಾಗಬೇಕು ಎಂಬ ಅದರ ಅಂಶ ಊರುಗಳಿಗೆ ತಲುಪಲೇ ಇಲ್ಲ. ಕೇಳಿದವರೂ ಕೇಳದವರೂ ‘ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂದೇ ನಂಬಿದರು. ಬಿದಿರಿನ ಮುಳ್ಳಿನ ಬಗ್ಗೆ ಹಳ್ಳಿಯವರನ್ನು ಕೇಳಿದವರ ವರದಿಯನ್ನು ಹಳ್ಳಿಯವರಿಗೆ ಓದಿ ಹೇಳುವ ಕೆಲಸವನ್ನು ಸರ್ಕಾರಗಳು ಮಾಡಲಿಲ್ಲ.

ಹಳ್ಳಿಯವರನ್ನು ಕೇಳಬೇಕೆಂಬ ಅದೇ ವಿಚಾರ ಕಾನೂನಾಗಿ ನಿಂತ ಜಾಗವೂ ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ರಚನೆಯಾಗುವ ಸ್ಥಳೀಯ ಸಮಿತಿಗಳು ತಮ್ಮ ಊರಿನ ಗಿಡ, ಪ್ರಾಣಿ, ತಳಿ, ತಿಳಿವಳಿಕೆಗಳ ದಾಖಲೆ ಮಾಡಬೇಕು. ಇಂಥ ಜನತಾ ದಾಖಲೆಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಗಾಡ್ಗೀಳರು ಪ್ರಮುಖರು. ನಾನು ಕಂಡ ಒಂದು ಪಂಚಾಯತಿಯ ದಾಖಲೆಯಲ್ಲಿ ಪಕ್ಕದ ಊರಿನ ಪಟ್ಟಿಯನ್ನು ತಪ್ಪುಗಳ ಸಮೇತ ನಕಲು ಮಾಡಿದ್ದರು. ಬಿದಿರಿಗೆ ಅದರಲ್ಲಿ ಒಂದೇ ಸಾಲು, ಒಂದೇ ಹೆಸರು. ನಾನೂ ವಿದ್ಯಾರ್ಥಿಗಳೂ ಈ ಮಳೆಗಾಲ ಅದೇ ಊರಿನ ಮೇದಾರರ ಮನೆಗೆ ಹೋಗಿ, ಅವರು ಹೇಳಿದಂತೆ ಆ ಪುಟವನ್ನು ಮೊದಲಿನಿಂದ ಬರೆಯುತ್ತಿದ್ದೇವೆ.